ಮುದುಕ ಸೈಲಸನ ಹೇಸರಗತ್ತೆಗಳು

ಶನಿವಾರ 'ಡೆಲ್ಟಾ ಕಂದೀಲು' ಪತ್ರಿಕೆ ಹೊರಬಿತ್ತೆಂದರೆ ಗ್ಯಾಂಟ್ಸ್ ಲ್ಯಾಂಡಿಂಗಿನ ಕರಿಯರ ಕೇರಿಯಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತಿದ್ದವು. ಓದು ಬಂದವರು ಜಗಲಿಯ ಮೇಲೆ ಕೂತು ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವುದು ಒಂದು. ಮುದುಕ ಸೈಲಸ್ ಅಂದರೆ ಯಾರು ಎಂದು ಜಗಳ ಕಾಯುವುದು ಇನ್ನೊಂದು.

ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ಈ ಮುದುಕ ವಾರವಾರವೂ ಮಾತಾಡುತ್ತಿದ್ದ. ಒಂದು ವಾರ ತನ್ನ ಹಂದಿಯ ಬಗ್ಗೆ, ಇನ್ನೊಂದು ವಾರ ಸೊಸೆಯ ಅಡುಗೆಯ ಬಗ್ಗೆ. ಓದುತ್ತಾ ನಗು ಬರುತ್ತಿತ್ತು. ಓದಿ ಮುಗಿಸಿ ಮಲಗಿದ ಮೇಲೆ, ಹಂದಿ ಹಂದಿಯಲ್ಲ, ಸೊಸೆ ಸೊಸೆಯಲ್ಲ ಎಂದು ಹೊಳೆದು ಎದ್ದು ಕೂರುವ ಹಾಗಾಗುತ್ತಿತ್ತು.

ಪತ್ರಿಕೆ ಅಚ್ಚಾಗುತ್ತಿದ್ದುದು ಇಫ್ರಾಯಿಮ್ ಬ್ಯಾಸ್ಕಮ್‌ನ ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದೆ ಗಡ್ಡ ಕೆರೆಯುವುದು, ಹಿಂದೆ ಅಚ್ಚು ಜೋಡಿಸುವುದು. ನಡುವೆ ಒಂದು ಹಳೇ ಪರದೆ. ಒಂದು ವಸಂತದ ದಿನ ಆ ಪರದೆಯ ಹಿಂದೆ ಮೊಟ್ಟೆಯ ಬುಟ್ಟಿ ಹಿಡಿದು ನಿಂತಿದ್ದವಳು ಜೆರೂಷಾ ಟಾಲಿವರ್, ಕೇರಿಯ ಶಾಲೆಯ ಮುಖ್ಯ ಉಪಾಧ್ಯಾಯಿನಿ. ಮೊಟ್ಟೆಯ ಕೆಳಗೆ, ಹುಲ್ಲಿನ ಅಡಿಯಲ್ಲಿ, ಮುಂದಿನ ವಾರದ ಸೈಲಸ್ ಮಡಿಸಿಕೊಂಡು ಮಲಗಿದ್ದ.

ಮುಂದಿನ ಕೋಣೆಯಲ್ಲಿ ಡೀಕನ್ ಹೊಸೇಯ ಲ್ಯಾಟಿಮೋರ್ ಮುಖದ ತುಂಬ ಸಾಬೂನು ನೊರೆ ಬಳಿಸಿಕೊಂಡು ಕೂತಿದ್ದರು. ಚರ್ಚಿನ ಹಿರಿಯರು, ಭಾರೀ ಮನುಷ್ಯ, ಭಾರೀ ದನಿ.

"ನಿಜ ಹೇಳ್ಬಿಡಿ ಡೀಕನ್. ಆ ಸೈಲಸ್ ನೀವೇ ಅಲ್ವಾ?" ಎಂದು ಯಾರೋ ಕೆಣಕಿದರು.

"ನಾನು ಅಂತ ನಾನು ಅಂದೆನಾ?"

"ಅಲ್ಲ ಅಂತಾನೂ ಅನ್ಲಿಲ್ವಲ್ಲ!"

"ನೋಡಪ್ಪಾ," ಡೀಕನ್ ನೊರೆಯೊಳಗಿಂದಲೇ ದೊಡ್ಡ ನಿಟ್ಟುಸಿರು ಬಿಟ್ಟರು, "ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರ್ತಾನೆ. ಕೊಟ್ಟಿದ್ದನ್ನ ಡಂಗುರ ಸಾರಬಾರದು."

ಅಂಗಡಿಯೆಲ್ಲ ಹೋ ಎಂದಿತು. ಪರದೆಯ ಹಿಂದೆ ಜೆರೂಷಾ ತುಟಿ ಕಚ್ಚಿ ನಗು ತಡೆದುಕೊಂಡಳು. ಇಫ್ರಾಯಿಮ್ ಕೈ ಒರೆಸುತ್ತಾ ಒಳಗೆ ಬಂದು ಪಿಸುಗುಟ್ಟಿದ: "ಕೇಳಿದ್ರಾ ಮಿಸ್ ಜೆರೂಷಾ? ನಿಮ್ಮ ಬೆಳೆ, ಅವರ ಕಣಜ."

"ಇರ್ಲಿ ಬಿಡಿ. ಅವರು ಮೀಸೆ ತಿರುವಿದಷ್ಟೂ ನನಗೇ ಒಳ್ಳೇದು."

ಒಳ್ಳೆಯದೇ ಆಗಿತ್ತು. ಶಾಲೆಯ ಸಂಬಳ ಕೌಂಟಿಯ ಆಡಳಿತದ್ದು, ಅಂದರೆ ಬಿಳಿಯರದು. ಕೌಂಟಿಯ ಉಪಾಧ್ಯಾಯಿನಿ ಪತ್ರಿಕೆಗೆ ಬರೆಯುತ್ತಾಳೆ ಎಂದು ಗೊತ್ತಾದರೆ, ಅದೂ ಇಂಥದ್ದನ್ನು ಬರೆಯುತ್ತಾಳೆ ಎಂದು ಗೊತ್ತಾದರೆ, ಅವತ್ತಿಗೇ ಅವಳ ಕೆಲಸ ಮುಗಿಯಿತು. ಅಮೆರಿಕದ ಅರ್ಕನ್ಸಾದ ನದಿಯಂಚಿನ ಹತ್ತಿ ಸೀಮೆಯಲ್ಲಿ ಆ ಕಾಲಕ್ಕೆ ಕೆಲಸ ಮಾತ್ರ ಹೋಗಿ ಜೀವ ಉಳಿದರೆ ಪುಣ್ಯ ಎಂದುಕೊಳ್ಳಬೇಕಿತ್ತು.

ಆ ವಸಂತದಲ್ಲಂತೂ ಅವಳು ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದಳು. ಒಂಬತ್ತನೇ ತರಗತಿಯ ಮಾತು ನಡೆಯುತ್ತಿತ್ತಲ್ಲ! ಕೇರಿಯ ಶಾಲೆ ಎಂಟನೇ ತರಗತಿಗೆ ಮುಗಿಯುತ್ತಿತ್ತು. ಎಂಟು ಮುಗಿಸಿದ ಮಗುವಿಗೆ ಮುಂದೆ ಇದ್ದದ್ದು ಹತ್ತಿಯ ಹೊಲ, ಇಲ್ಲವೇ ಯಾರದೋ ಅಡುಗೆಮನೆ. ಒಂಬತ್ತನೆಯದಕ್ಕಾಗಿ ಜೆರೂಷಾ ಕೋರ್ಟುಮನೆಯ ಹಿಂಬಾಗಿಲಲ್ಲಿ ಕಾದು ಕಾದು ಚಪ್ಪಲಿ ಸವೆಸಿದ್ದಳು. ಕೊನೆಗೆ ಶಾಲೆಗಳ ಸೂಪರಿಂಟೆಂಡೆಂಟ್ ಥರ್ಮನ್ ಪೀಲ್ ಒಂದು ಮಾತು ಎಸೆದಿದ್ದ: "ವರ್ಷದ ಕೊನೆಯ ಸಮಾರಂಭಕ್ಕೆ ಬರ್ತೀನಿ ಜೆರೂಷಾ. ನಿನ್ನ ಮಕ್ಕಳು ಹೇಗಿದಾರೆ ನೋಡ್ತೀನಿ. ನನಗೆ ಸಂತೋಷ ಆದ್ರೆ ಅಲ್ಲೇ ಹೇಳ್ತೀನಿ."

ಸಂತೋಷ! ತನ್ನ ಸಂತೋಷದ ಕೊಕ್ಕೆಗೆ ಮಕ್ಕಳ ವರ್ಷಗಳನ್ನು ತೂಗುಹಾಕಿದ್ದ, ಕಸಾಯಿಯವನು ಮಾಂಸ ತೂಗುಹಾಕಿದ ಹಾಗೆ. ಜೆರೂಷಾ "ಆಗಲಿ ಸರ್" ಎಂದು ಬಂದಿದ್ದಳು. ಬಂದವಳು ಮನೆಯ ಹಿತ್ತಿಲಲ್ಲಿ ಒಂದು ಹೊರೆ ಸೌದೆ ಒಡೆದಳು, ಬೇಕಾಗಿರಲಿಲ್ಲ. ಆಮೇಲೆ ಕೂತು ಸೈಲಸನ ಹೇಸರಗತ್ತೆಗಳ ಕಥೆ ಬರೆದಳು. ಅದು ಅಚ್ಚಾಗಿ ಎರಡು ಶನಿವಾರ ಕಳೆದಿತ್ತು.

*

ಸಮಾರಂಭದ ದಿನ ಚರ್ಚಿನಲ್ಲಿ ಸೂಜಿ ಇಡಲು ಜಾಗವಿರಲಿಲ್ಲ. ಹೆಂಗಸರ ಟೋಪಿಗಳು, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರುಗಳು. ಹಿಂದಿನ ಮೇಜಿನ ಮೇಲೆ ಹುರಿದ ಕೋಳಿ, ಗೆಣಸಿನ ಪೈ, ಮುಚ್ಚಿದ ಬಟ್ಟೆಯ ಕೆಳಗಿಂದಲೇ ಮೂಗಿಗೆ ಬಡಿಯುವ ವಾಸನೆ. ಪಾದ್ರಿಗಳ ಮನೆಯ ಕೈಯಿರುವ ಕುರ್ಚಿಯನ್ನು ಹೊತ್ತು ತಂದು ಪೀಲ್‌ಗೆಂದು ಮುಂದೆ ಹಾಕಿದ್ದರು. ಅವನು ಬಂದ, ಟೋಪಿ ತೆಗೆಯದೆ ಕೂತ.

"ಮೊದಲು ಹಾಡ್ಸು," ಎಂದ. "ನಿಮ್ಮ ಹಳೇ ಹಾಡು. ಅದನ್ನ ಕೇಳದೆ ನಾನು ಈ ಕಡೆಯಿಂದ ಹೋಗಿದ್ದೇ ಇಲ್ಲ."

ಯಾವ ಬಿಳಿಯ ದೊರೆ ಶಾಲೆಗೆ ಬಂದರೂ ಇದೇ. ಗಣಿತ ಕೇಳುವುದಿಲ್ಲ, ಭೂಗೋಳ ಕೇಳುವುದಿಲ್ಲ. ಅಜ್ಜಂದಿರು ಗುಲಾಮರಾಗಿ ಹೊಲದಲ್ಲಿ ಚಾಟಿಯೇಟು ತಿನ್ನುತ್ತಾ ಕಟ್ಟಿದ ಹಾಡನ್ನು ಮೊಮ್ಮಕ್ಕಳು ನಿಂತು ಹಾಡಬೇಕು, ಅವನು ಕಣ್ಣು ಮುಚ್ಚಿ ಕಾಲು ಕುಣಿಸಬೇಕು. ಜೆರೂಷಾ ಕೈ ಎತ್ತಿದಳು. ಮಕ್ಕಳು ಹಾಡಿದವು. ಪೀಲ್ ಕಾಲು ಕುಣಿಸಿದ. ಒಂಬತ್ತನೇ ತರಗತಿ, ಒಂಬತ್ತನೇ ತರಗತಿ ಎಂದು ಜೆರೂಷಾ ತಾಳ ಹಾಕುತ್ತಲೇ ಮನಸ್ಸಿನಲ್ಲಿ ಜಪ ಮಾಡುತ್ತಿದ್ದಳು.

ಆಮೇಲೆ ಕಂಠಪಾಠ. ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ತಾವು ಆರಿಸಿಕೊಂಡಿದ್ದನ್ನು ಒಪ್ಪಿಸಬೇಕು. ಒಂದೇ ಪಾಠವನ್ನು ಇಬ್ಬರು ಹೇಳಕೂಡದು, ಹೇಳಿದರೆ ಎರಡನೆಯವರಿಗೆ ನಾಚಿಕೆಗೇಡು. ಇದು ಆ ಕೇರಿಯಲ್ಲಿ ತಾತನ ಕಾಲದಿಂದ ಬಂದ ನಿಯಮ. ಆದರೆ ಆರಿಸಿಕೊಳ್ಳಲು ಇದ್ದದ್ದಾದರೂ ಏನು? ಶಾಲೆಯ ಪುಸ್ತಕಗಳೆಲ್ಲ ಬಿಳಿಯರ ಶಾಲೆಯಲ್ಲಿ ಸವೆದು, ಹರಿದು, ಚಿತ್ರಗಳಿಗೆ ಮೀಸೆ ಬರೆಸಿಕೊಂಡು ಬಂದವು. ಪದ್ಯದ ಪುಸ್ತಕದಲ್ಲಿ ತಲೆಯಿಂದ ಬುಡದವರೆಗೆ ಇಡಿಯಾಗಿ ಉಳಿದ ಪದ್ಯಗಳು ಬೆರಳೆಣಿಕೆಯಷ್ಟು. ಹೀಗಾಗಿ ಆಗಬಾರದ್ದು ಆಯಿತು. ಮೂರನೇ ತರಗತಿಯ ಒಂದು ಪುಟಾಣಿ, ತಾನು ಹೇಳಬೇಕಾದದ್ದನ್ನು ಹೆದರಿಕೆಯಲ್ಲಿ ಮರೆತು, ಅಕ್ಕ ಮನೆಯಲ್ಲಿ ಉರು ಹೊಡೆಯುತ್ತಿದ್ದ ಮುಂಜಾನೆಯ ಹಕ್ಕಿಯ ಪದ್ಯವನ್ನು ಗಡಗಡ ಒಪ್ಪಿಸಿ ಓಡಿಬಂತು.

ಆ ಅಕ್ಕ ಪರ್ಲೀನ್ ಮಿಂಟರ್. ಪದ್ಯ ಅವಳು ಒಪ್ಪಿಸಬೇಕಾಗಿದ್ದದ್ದು.

ಪರ್ಲೀನ್‌ಗೆ ಹನ್ನೆರಡು ವರ್ಷ. ಎಂಟನೇ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಚುರುಕು. ಬಟ್ಟೆ ಒಗೆಯುವ ಅಜ್ಜಿ ಡೆಲ್ಸಿಯ ಬಳಿ ಬೆಳೆದವಳು. ಜೆರೂಷಾ ಒಂಬತ್ತನೇ ತರಗತಿ ಎಂದಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಇದೇ ಹುಡುಗಿಯ ಮುಖ. ಹೆಸರು ಕರೆದಾಗ ಪರ್ಲೀನ್ ವೇದಿಕೆಯ ಮೇಲೆ ಬಂದು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಅವಳ ಪದ್ಯ ಆಗಿಹೋಗಿದೆ. ಜೆರೂಷಾ ಕಣ್ಣಲ್ಲೇ "ಪರವಾಗಿಲ್ಲ, ಅದನ್ನೇ ಹೇಳು" ಎಂದಳು. ಹುಡುಗಿ ತಲೆ ಅಲ್ಲಾಡಿಸಿದಳು. ನಾಚಿಕೆಗೇಡು ಮಾಡಿಕೊಳ್ಳುವವಳಲ್ಲ. ಅವಳಿಗೆ ಬಾಯಿಪಾಠ ಬರುವುದು ಇನ್ನೊಂದಿತ್ತು. ಅಜ್ಜಿ ಮತ್ತೆ ಮತ್ತೆ ಓದಿಸಿ, ಪ್ರತಿ ಸಲವೂ ಸೋಪಿನ ಕೈಯಿಂದ ಕಣ್ಣೊರೆಸಿಕೊಂಡು ನಕ್ಕದ್ದು. ಅವಳು ಸೆಟೆದು ನಿಂತು, ಮುದುಕರ ಹಾಗೆ ಸೊಂಟದ ಮೇಲೆ ಕೈಯಿಟ್ಟು ಶುರು ಮಾಡಿದಳು.

"ನನ್ನ ಹತ್ರ ಎರಡು ಹೇಸರಗತ್ತೆ ಇದಾವೆ ಕಣ್ರಪ್ಪಾ. ಒಂದು ಬಿಳೀದು, ಒಂದು ಕರೀದು."

ತನ್ನದೇ ಕಥೆ! ಜೆರೂಷಾ ವೇದಿಕೆಯ ಕಡೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಳು.

"ಊರ ಯಜಮಾನ್ರು ಮಹಾ ಧರ್ಮಾತ್ಮರು. 'ಸೈಲಸ್, ನಿನ್ನ ಕೊಟ್ಟಿಗೇಲಿ ಎಷ್ಟು ತಲೆ?' ಅಂದ್ರು. 'ಎರಡು ತಲೆ ಸ್ವಾಮಿ' ಅಂದೆ. ತಲೆಗೊಂದು ಮೂಟೆ ಅಂತ ಎರಡು ಮೂಟೆ ಕಾಳು ಕಳಿಸಿದ್ರು. ನಾನೇನು ದಡ್ಡನಾ? ಎರಡೂ ಮೂಟೆ ತಗೊಂಡು ಬಿಳೀದರ ಮುಂದೆ ಸುರಿದೆ!"

ಪೀಲ್ ಫಕ್ಕನೆ ನಕ್ಕ. ಹತ್ತಿ ಸೀಮೆಯ ಕರಿ ಮುದುಕ, ಹೇಸರಗತ್ತೆ, ದಡ್ಡತನ. ಇಂಥ ಕಥೆ ಅವನಿಗೆ ಬಲು ಇಷ್ಟ. "ಭಲೇ ಹುಡುಗಿ!" ಎಂದು ತೊಡೆ ತಟ್ಟಿದ.

ಪರ್ಲೀನ್‌ಗೆ ಹುರುಪು ಬಂತು. ದನಿಯನ್ನು ಇನ್ನಷ್ಟು ಒಡಕು ಮಾಡಿದಳು. "ಕರೀದು ನನ್ನ ಮುಖ ನೋಡ್ತು. 'ಯಾಕೋ ಹಾಗೆ ನೋಡ್ತೀಯಾ? ಬಿಳಿಯಣ್ಣ ಅಗಿದು ಉಗಿದ ಹುಲ್ಲಿದೆ, ತಿನ್ನು. ಅವನ ಜೊಲ್ಲಿನ ರುಚೀನೂ ಸೇರಿದೆ, ಪುಣ್ಯವಂತ!' ಅಂದೆ."

ಪೀಲ್ ಹೊಟ್ಟೆ ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತು. ಅವನೊಬ್ಬನೇ ನಗುತ್ತಿದ್ದ. ಡೀಕನ್ ಲ್ಯಾಟಿಮೋರ್ ಕೊರಳಪಟ್ಟಿ ಸಡಿಲಿಸಿಕೊಂಡರು.

"ಬಿಳೀದು ಕೊಬ್ಬಿ ಕೊಬ್ಬಿ ಕೊಟ್ಟಿಗೆ ಹಿಡಿಸದ ಹಾಗಾಯ್ತು. ಇಟ್ಟಿಗೇದು ಕಟ್ಟಿಸ್ಕೊಟ್ಟೆ. ಹೊಲದವರೆಗೆ ನಡೆದ್ರೆ ಪಾಪ ಕಾಲು ನೋಯುತ್ತಲ್ಲ, ಗಾಡಿ ತಂದು ಅದರಲ್ಲಿ ಕೂರಿಸ್ದೆ. ಗಾಡಿ ಎಳೆದಿದ್ದು ಯಾರು ಅಂದ್ಕೊಂಡ್ರಿ? ಕರೀದು!"

ಎರಡೂ ಕಡೆಯ ಮಕ್ಕಳ ತಲೆ ಎಣಿಸಿ ಬಂದ ಹಣದಲ್ಲಿ ಊರಿನ ಆ ತುದಿಯಲ್ಲಿ ಬಿಳಿಯ ಮಕ್ಕಳ ಇಟ್ಟಿಗೆಯ ಶಾಲೆ ಹೊಸದಾಗಿ ಎದ್ದಿತ್ತು. ಅವರನ್ನು ಕರೆದೊಯ್ಯಲು ಹಳದಿ ಮೋಟಾರು ಗಾಡಿಯೂ ಬಂದಿತ್ತು. ಪೀಲ್‌ನ ನಗು ಗಂಟಲಲ್ಲೇ ತಡವರಿಸಿತು. ಬಾಯಿ ಇನ್ನೂ ತೆರೆದೇ ಇತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ.

"ಸಾಯಂಕಾಲ ಯಜಮಾನ್ರು ಬಂದ್ರು. ಕರೀದರ ಪಕ್ಕೆಲುಬು ಎಣಿಸಿ, 'ಈ ಜಾತೀನೇ ಹೀಗೆ ಸೈಲಸ್, ಎಷ್ಟು ಹಾಕಿದ್ರೂ ಮೈಗೆ ಹತ್ತಲ್ಲ' ಅಂದ್ರು. ಯಜಮಾನ್ರ ಹೆಸರು ನನ್ನ ಕೇಳ್ಬೇಡಿ. ವರ್ಷಕ್ಕೊಂದ್ಸಲ ಮಕ್ಕಳ ತಲೆ ಎಣಿಸ್ಕೊಂಡು ಹೋಗೋಕೆ ಬರ್ತಾರಲ್ಲ, ಆಗ ನೀವೇ—"

"ನಿಲ್ಸು."

ಪೀಲ್ ಎದ್ದು ನಿಂತಿದ್ದ. ಮುಖ ಬೀಟ್‌ರೂಟಿನ ಹಾಗೆ. ಸಿಟ್ಟು ಕಥೆಯ ಮೇಲೆ ಅರ್ಧ. ಇನ್ನರ್ಧ, ತಾನೇ ಎಲ್ಲರ ಮುಂದೆ ತೊಡೆ ತಟ್ಟಿ ನಕ್ಕೆನಲ್ಲ ಎಂಬುದರ ಮೇಲೆ.

"ಯಾರೇ ಹೇಳ್ಕೊಟ್ಟಿದ್ದು ಇದನ್ನ?"

"ಯಾರೂ ಇಲ್ಲ ಸರ್. ಪತ್ರಿಕೆಯಲ್ಲಿತ್ತು," ಎಂದಳು ಪರ್ಲೀನ್. ತಾನೇನು ತಪ್ಪು ಮಾಡಿದೆ ಎಂದು ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ. "ಮುದುಕ ಸೈಲಸ್ ಬರೆದಿದ್ದು."

"ಯಾರು ಆ ಸೈಲಸ್?"

ಕಣ್ಣುಗಳು ಕೆಟ್ಟವು, ಹೇಳಬಾರದ್ದನ್ನು ಹೇಳಿಬಿಡುತ್ತವೆ. ಹತ್ತಾರು ಕಣ್ಣು ಡೀಕನ್ ಕಡೆ ಹೊರಳಿ, ತಟಕ್ಕನೆ ನೆಲ ನೋಡಿದವು. ಪೀಲ್ ಅದನ್ನು ಕಂಡ. ಡೀಕನ್ನರ ಭಾರೀ ಮೈ ಬೆಂಚಿನೊಳಗೇ ಕುಗ್ಗಿತು.

"ನಾನಲ್ಲ ಸಾರ್, ದೇವರಾಣೆ. ನನಗೆ ಬರೆಯೋಕೇ... ನನ್ನ ಅಕ್ಷರ ನೋಡಿದ್ರೆ ನೀವೇ ನಗ್ತೀರಾ ಸಾರ್."

"ನಗು ಸಾಕು!" ಪೀಲ್ ಕಿರುಚಿದ. ಆಮೇಲೆ ದನಿ ಇಳಿಸಿದ. ಆ ಇಳಿಸಿದ ದನಿಗೇ ಜನ ಹೆಚ್ಚು ಹೆದರಿದರು. "ಸೈಲಸ್ ಯಾರು ಅಂತ ಆಮೇಲೆ ನೋಡ್ಕೋತೀನಿ. ಮೊದಲು ಈ ಹುಡುಗಿ. ಜೆರೂಷಾ, ಇವಳನ್ನ ಇಲ್ಲೇ, ಎಲ್ಲರ ಮುಂದೆ ಹೊಡಿ. ನನಗೆ ಸಾಕು ಅನ್ನಿಸೋವರೆಗೆ. ಹೊಡೆದ್ರೆ ನಾನು ಏನೂ ಕೇಳಲೇ ಇಲ್ಲ ಅಂದ್ಕೋ. ನಿನ್ನ ಒಂಬತ್ತನೇ ಕ್ಲಾಸೂ ನಿನಗೆ. ಇಲ್ಲದಿದ್ರೆ ಒಂಬತ್ತೂ ಇಲ್ಲ, ನೀನೂ ಇಲ್ಲ."

ಮೂರನೇ ಸಾಲಿನಿಂದ ಡೆಲ್ಸಿ ಎದ್ದಳು. ಮುದುಕಿ ಹೊರಗೆ ಹೋದಳು, ಪೀಚ್ ಗಿಡದ ಒಂದು ಎಳೆ ಕೋಲು ಮುರಿದು, ಎಲೆ ಸವರುತ್ತಾ ಒಳಗೆ ಬಂದಳು. ಅವಳ ಮುಖ ಕಲ್ಲು.

"ನಾನೇ ಹೊಡೀತೀನಿ ಸಾರ್. ನನ್ನ ಮೊಮ್ಮಗಳು. ಚೆನ್ನಾಗಿ ಬಾರಿಸ್ತೀನಿ, ನಿಮಗೆ ತೃಪ್ತಿ ಆಗೋ ಹಾಗೆ."

ಇದೇನೂ ಕ್ರೌರ್ಯವಲ್ಲ. ಆ ಕೇರಿಯ ಅಜ್ಜಿಯರೆಲ್ಲರಿಗೂ ಬರುವ ಲೆಕ್ಕ ಅದು: ನಾವು ಹೊಡೆದರೆ ಮಗು ಅಳುತ್ತದೆ, ಅವರು ಹೊಡೆದರೆ ಮಗು ಉಳಿಯುವುದಿಲ್ಲ. ಜೆರೂಷಾಳ ಅಜ್ಜಿಯೂ ಹೀಗೇ ಒಮ್ಮೆ ಕೋಲು ಹಿಡಿದಿದ್ದಳು.

"ಬೇಡ," ಎಂದ ಪೀಲ್. "ಟೀಚರೇ ಹೊಡೀಲಿ. ಕಲಿಸಿದವಳು ಅವಳು."

ಡೆಲ್ಸಿ ಕೋಲನ್ನು ಜೆರೂಷಾಳ ಕೈಗಿಟ್ಟಳು. ಕೊಡುವಾಗ ಬೆರಳು ಒತ್ತಿ ಪಿಸುಗುಟ್ಟಿದಳು: "ಕಾಲಿಗೆ ಹೊಡೀಮ್ಮಾ. ಸದ್ದು ಜಾಸ್ತಿ ಬರುತ್ತೆ, ಏಟು ಕಮ್ಮಿ."

ಜೆರೂಷಾ ಬೆಂಚುಗಳ ಕಡೆ ನೋಡಿದಳು. ಎಲ್ಲರ ಮುಖದಲ್ಲೂ ಒಂದೇ ಬೇಡಿಕೆ: ಎರಡೇಟು, ಮಿಸ್ ಜೆರೂಷಾ. ಎರಡೇ ಎರಡು. ಮಕ್ಕಳ ಒಂಬತ್ತನೇ ಕ್ಲಾಸು. ಎರಡನೇ ಸಾಲಿನಲ್ಲಿ ಐಡೆಲ್ಲಾ ಫೆಂಟ್ರೆಸ್ ಮಗನ ಭುಜ ಹಿಡಿದು ಕೂತಿದ್ದಳು. ಆ ಹುಡುಗನೂ ಎಂಟು ಮುಗಿಸಿದವನೇ. ಅವಳ ತುಟಿಗಳು ಅಲುಗುತ್ತಿದ್ದವು. ದಮ್ಮಯ್ಯ, ದಮ್ಮಯ್ಯ.

ಪರ್ಲೀನ್ ವೇದಿಕೆಯಿಂದ ಇಳಿದು ಹತ್ತಿರ ಬಂದಳು. ಲಂಗವನ್ನು ತಾನೇ ಸ್ವಲ್ಪ ಮೇಲೆತ್ತಿ ಹಿಡಿದಳು. "ಹೊಡೀರಿ ಮಿಸ್," ಎಂದಳು ಮೆಲ್ಲಗೆ. "ನಂಗೇನೂ ನೋಯಲ್ಲ."

ಆಗ ಜೆರೂಷಾಳೊಳಗೆ ಇಷ್ಟು ವರ್ಷ ಹುದುಗಿಸಿ ಇಟ್ಟಿದ್ದ ಕೆಂಡದ ಮೇಲಿನ ಬೂದಿ ಹಾರಿಹೋಯಿತು. ಹಿಂಬಾಗಿಲಲ್ಲಿ ಕಾದದ್ದು, ಬೇರೆಯವರ ಹೆಸರು ಬರೆದ ಹರಕು ಪುಸ್ತಕ, ಹಾಡಿಗೆ ಕುಣಿವ ಪೀಲ್‌ನ ಕಾಲು, ಎಲ್ಲವನ್ನೂ ನುಂಗಿದ್ದಳು. ಇದೊಂದನ್ನು ನುಂಗಲಾಗಲಿಲ್ಲ. ತನ್ನ ಮಾತಿಗೆ ಈ ಮಗು ಕಾಲು ಒಡ್ಡಿ ನಿಂತಿದೆ! ಅವಳು ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿಯಲು ನೋಡಿದಳು. ಹಸಿ ಕೋಲು, ಬಾಗಿತೇ ಹೊರತು ಮುರಿಯಲಿಲ್ಲ. ನೆಲಕ್ಕೆ ಎಸೆದಳು.

"ಬರೆದವಳು ನಾನು," ಎಂದಳು. "ಸೈಲಸ್ ನಾನೇ."

ಪೀಲ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ತುಟಿ ಓರೆ ಮಾಡಿದ. "ನೀನಾ? ಹೋಗೇ. ಅದು ಗಂಡಸಿನ ಬರವಣಿಗೆ. ಆ ದಪ್ಪನೆಯ ಡೀಕನ್‌ನ ಉಳಿಸೋಕೆ ನೋಡ್ತಿದ್ದೀಯಾ?"

"ಅಯ್ಯೋ ಸಾರ್, ಅವರೇ ಇರಬಹುದು ಸಾರ್!" ಎಂದರು ಡೀಕನ್, ಬೆವರು ಒರೆಸುತ್ತಾ. ಯಾರೋ ಅವರ ಪಕ್ಕೆಗೆ ಮೊಣಕೈಯಲ್ಲಿ ತಿವಿದರು.

ಜೆರೂಷಾಳಿಗೆ ಅವಮಾನ ಬೆಂಕಿಯಂತೆ ಹತ್ತಿತು. ಕೆಲಸ ಕಳೆಯಬಲ್ಲ, ಮಗುವನ್ನು ಹೊಡೆಸಬಲ್ಲ, ಈಗ ಬರೆದ ಕೈಯನ್ನೂ ತನ್ನದಲ್ಲ ಎನ್ನುತ್ತಾನೆ!

"ಮುಂದಿನ ವಾರದ್ದು ಇನ್ನೂ ಅಚ್ಚಾಗಿಲ್ಲ," ಎಂದಳು. "ಕೇಳಿ." ಮೊಟ್ಟೆಯ ಬುಟ್ಟಿಯಲ್ಲಿ ಕೊಟ್ಟದ್ದು ಬೇರೆಯೇ ಇತ್ತು. ಇದು ಆ ಕ್ಷಣಕ್ಕೆ ಹುಟ್ಟುತ್ತಿತ್ತು. ಅವಳ ಬೆನ್ನು ಕೊಂಚ ಬಾಗಿತು, ದನಿ ಒಡಕಾಯಿತು, ಚರ್ಚಿನ ನಡುವೆ ಒಬ್ಬ ಮುದುಕ ಬಂದು ನಿಂತ.

"ಮೊನ್ನೆ ನಮ್ಮ ಯಜಮಾನ್ರು ಕೊಟ್ಟಿಗೆಗೆ ಬಂದಿದ್ರು ಕಣ್ರಪ್ಪಾ. ಹೇಸರಗತ್ತೆ ಕಥೆ ಹೇಳ್ದೆ. ಹೊಟ್ಟೆ ಹಿಡ್ಕೊಂಡು ನಕ್ರು. ನಗ್ತಾ ನಗ್ತಾ ಟೋಪಿ ಸರಿ ಮಾಡ್ಕೊಳ್ಳೋಕೆ ಹೋದ್ರು, ಕೈಗೆ ಕಿವಿ ತಾಗ್ತು. ಅಯ್ಯೋ ದೇವರೇ, ಇಷ್ಟು ಉದ್ದ! ಆಗ ಬಂತು ನೋಡಿ ಸಿಟ್ಟು. ಯಾರನ್ನ ಹೊಡೀಬೇಕು? ಈ ಮುದುಕನ್ನ ಹೊಡೆದ್ರೆ ಕಥೆ ನಿಜ ಅಂತ ಒಪ್ಪಿದ ಹಾಗೆ. ಅದಕ್ಕೆ ಕೊಟ್ಟಿಗೆಯಲ್ಲೆಲ್ಲಾ ಹುಡುಕಿ ಎಲ್ಲಕ್ಕಿಂತ ಚಿಕ್ಕ ಮರೀನ ಆರಿಸಿದ್ರು. ಅದನ್ನೂ ತಾವೇ ಹೊಡೆದ್ರೆ ಕೈ ಕೊಳೆಯಾಗುತ್ತೆ ಅಂತ, ಸಾಕಿದವರ ಕೈಗೇ ಕೋಲು ಕೊಟ್ರು. 'ಹೊಡಿ, ಎರಡನೇ ಮೂಟೆ ಕೊಡ್ತೀನಿ' ಅಂದ್ರು. ಸ್ವಾಮಿ, ಎರಡನೇ ಮೂಟೆ ಮೊದಲಿಂದಾನೂ ನಮ್ಮದೇ ಅಲ್ವಾ? ಕದ್ದ ಮಾಲನ್ನ ಬಹುಮಾನ ಅಂತ ಕೊಡೋ ಕಳ್ಳನ್ನ ನಾನು ಇಲ್ಲೀವರೆಗೆ ನೋಡಿರ್ಲಿಲ್ಲ."

ಮೂರನೇ ಸಾಲಿನಿಂದ ಒಂದು ಸದ್ದು ಬಂತು. ಡೆಲ್ಸಿ. ಮೊದಲು ಕೆಮ್ಮು ಎಂದುಕೊಂಡರು. ಕೆಮ್ಮಲ್ಲ, ಮುದುಕಿ ನಗುತ್ತಿದ್ದಳು, ಅಳುತ್ತಿದ್ದಳು, ಯಾವುದು ಎಂದು ಅವಳಿಗೇ ಗೊತ್ತಿರಲಿಲ್ಲ. "ಇದೇ ಕಣ್ರೋ," ಎಂದಳು ಎಲ್ಲರಿಗೂ ಕೇಳುವಂತೆ, "ಇದೇ ಆ ಮುದುಕ!"

ಪೀಲ್‌ನ ಕೈ ಟೋಪಿಯ ಕಡೆ ಅರ್ಧ ಹೋಗಿ, ಕಿವಿಯ ಹತ್ತಿರ ಗಕ್ಕನೆ ನಿಂತು, ಕೆಳಗಿಳಿಯಿತು. ಅವನು ಬೆಂಚುಗಳ ನಡುವೆ ಹೊರಗೆ ನಡೆದ. ಬಾಗಿಲಲ್ಲಿ ತಿರುಗಿ, "ಸೋಮವಾರ ಶಾಲೆಗೆ ಬೀಗ," ಎಂದ. "ನಾಳೆಯಿಂದ ನಿನ್ನ ಮುಖ ನನ್ನ ಕೌಂಟಿಯ ಯಾವ ಶಾಲೆಯಲ್ಲೂ ಕಾಣಬಾರದು."

*

ಹುರಿದ ಕೋಳಿಯನ್ನು ಯಾರೂ ಮುಟ್ಟಲಿಲ್ಲ. ಅಂಗಳದಲ್ಲಿ ಗುಂಪು ಗುಂಪಾಗಿ ನಿಂತರು. ಇಫ್ರಾಯಿಮ್ ಆಗಲೇ ಅಚ್ಚಿನ ಯಂತ್ರವನ್ನು ಗಾಡಿಗೆ ಹೇರಿಸಿ ಹುಲ್ಲು ಮುಚ್ಚಲು ಓಡಿದ್ದ. ಐಡೆಲ್ಲಾ ಫೆಂಟ್ರೆಸ್ ನೇರ ಜೆರೂಷಾಳ ಮುಂದೆ ಬಂದು ನಿಂತಳು.

"ಚೆನ್ನಾಗಿ ಮಾತಾಡಿದ್ರಿ. ಭಾಳ ಚೆನ್ನಾಗಿ. ನಿಮ್ಮ ನಾಲಿಗೆಯ ಚಟ ತೀರ್ತು, ನನ್ನ ಮಗ ನೇಗಿಲು ಹಿಡೀತಾನೆ."

"ಐಡೆಲ್ಲಾ..."

"ಎರಡು ಏಟು! ನನ್ನ ಮಗನಿಗೇ ಹೊಡೀಬೇಕು ಅಂದಿದ್ರೂ ಅವನನ್ನ ಒಪ್ಪಿಸ್ತಿದ್ದೆ ನಾನು. ಎರಡು ಏಟಿಗೆ ಒಂದು ಕ್ಲಾಸು. ಈ ಊರಲ್ಲಿ ಇಷ್ಟು ಅಗ್ಗಕ್ಕೆ ಏನು ಸಿಗುತ್ತೆ?"

"ಮುಂದಿನ ವರ್ಷ ಹತ್ತನೇದಕ್ಕೆ ಎಷ್ಟು ಏಟು?" ಜೆರೂಷಾಳ ದನಿ ಏರಿತು. "ಯಾರ ಮಗೂನ ನಿಲ್ಲಿಸ್ತೀರಾ ಆಗ? ಹೇಳಿ! ನನಗೂ ಬೇಕಿತ್ತು ಆ ಕ್ಲಾಸು. ನಿಮಗಿಂತ ಜಾಸ್ತಿ ಬೇಕಿತ್ತು!"

"ನಿಮಗೆ ಮಕ್ಕಳಿಲ್ಲ, ಮಿಸ್ ಜೆರೂಷಾ," ಎಂದಳು ಐಡೆಲ್ಲಾ. ಮಗನನ್ನು ಎಳೆದುಕೊಂಡು ಹೋದಳು.

ಅವಳ ಮಾತು ಜೆರೂಷಾಳ ಒಳಗೆ ಮುಳ್ಳಾಗಿ ಮುರಿದುಕೊಂಡಿತು. 

ಆ ವಾರ ಅವಳು ತನ್ನ ಮನೆಯಲ್ಲಿ ಮಲಗಲಿಲ್ಲ. ಇವತ್ತು ಒಬ್ಬರಲ್ಲಿ, ನಾಳೆ ಇನ್ನೊಬ್ಬರಲ್ಲಿ. ರಾತ್ರಿ ದಾಳಿಗೆ ಬರುವ ಬಿಳಿಯರ ಕುದುರೆಗಳ ಸದ್ದಿಗೆ ಎಲ್ಲರೂ ಕಾದರು. ಯಾರೂ ಬರಲಿಲ್ಲ. ಕೋರ್ಟುಮನೆಯಲ್ಲಿ ಕಸ ಗುಡಿಸುವವರು ಸುದ್ದಿ ತಂದರು: ಟೀಚರ್ ಉದ್ಧಟತನ ಮಾಡಿದಳು, ತೆಗೆದುಹಾಕಿದೆ, ಎಂದಷ್ಟೇ ಪೀಲ್ ಹೇಳಿದನಂತೆ. ಹೇಸರಗತ್ತೆಯ ಸೊಲ್ಲೇ ಇಲ್ಲ. ಹೇಳುವುದಾದರೂ ಹೇಗೆ? ಕಥೆ ಹೇಳಿದರೆ ತಾನು ನಕ್ಕಿದ್ದನ್ನೂ ಹೇಳಬೇಕಲ್ಲ.

ಶನಿವಾರ 'ಕಂದೀಲು' ಎಲ್ಲಿಂದಲೋ ಅಚ್ಚಾಗಿ ಬಂತು. ಕೊನೆಯ ಪುಟದ ಮೂಲೆಯಲ್ಲಿ, ಉದ್ದ ಕಿವಿಯ ಯಜಮಾನರ ಕಥೆಯ ಕೆಳಗೆ, ಸೈಲಸ್ ಎಂದಿರಲಿಲ್ಲ. ಮಿಸ್ ಜೆರೂಷಾ ಟಾಲಿವರ್ ಎಂದಿತ್ತು. ಅದರ ಕೆಳಗೆ ಒಂದು ಸಾಲು: ಒಂಬತ್ತನೇ ತರಗತಿ ಸೋಮವಾರ ಬೆಳಗ್ಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಶುರುವಾಗುತ್ತದೆ.

ಸೋಮವಾರ ಆ ಕೋಣೆಯಲ್ಲಿ ಡೀಕನ್ ಲ್ಯಾಟಿಮೋರ್ ಅಂಗಿಯ ತೋಳು ಮಡಚಿ ಬೆಂಚು ಹೊರುತ್ತಿದ್ದರು. ಅಪರಾಧಿಯ ಹಾಗೆ ಅವಳ ಮುಖ ತಪ್ಪಿಸಿ ಓಡಾಡಿ, ಕೊನೆಗೆ ಗಂಟಲು ಸರಿಮಾಡಿಕೊಂಡರು. "ಒಲೆ ಒಬ್ರು ಕೊಟ್ರು, ಬೆಂಚು ನಾವು ಮಾಡಿದ್ವಿ. ಹಿಟ್ಟು, ಹಂದಿಮಾಂಸ ನಿಮಗೆ ಮನೆಮನೆಯಿಂದ ಬರುತ್ತೆ. ನೋಡಿದ್ರಾ ಮಿಸ್ ಜೆರೂಷಾ, ದೇವರು ಹೇಗೆ ಒದಗಿಸಿದ!"

"ದೇವರನ್ನ ಇದರಲ್ಲಿ ಸೇರಿಸ್ಬೇಡಿ ಡೀಕನ್. ತೆರಿಗೆ ಒಂದ್ಸಲ ಕಟ್ಟಿದ್ರಿ, ಅದು ಇಟ್ಟಿಗೆಯಾಗಿ ಆ ಕಡೆ ಎದ್ದು ನಿಂತಿದೆ. ಈಗ ನಮ್ಮ ಶಾಲೆಗೆ ಅಂತ ಎರಡನೇ ಸಲ ಕಟ್ತಿದೀರಿ. ಇದಕ್ಕೆ ಕೈ ಮುಗೀಬೇಡಿ. ಸಿಟ್ಟು ಮಾಡ್ಕೊಳ್ಳಿ."

"ಮಾಡ್ಕೋತೀನಿ," ಎಂದರು ಡೀಕನ್ ವಿಧೇಯರಾಗಿ. "ಬೆಂಚು ಇಳಿಸಿ ಮಾಡ್ಕೋತೀನಿ."

ಪರ್ಲೀನ್ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಹಿಂದೆ ಇನ್ನು ಕೆಲವರು. ಎಲ್ಲರೂ ಬಂದಿರಲಿಲ್ಲ. ಕೆಲವರ ಅಪ್ಪಂದಿರಿಗೆ ಜಮೀನಿನ ಒಡೆಯರು ಹೇಳಿ ಕಳಿಸಿದ್ದರು, ಮಕ್ಕಳು ಆ ಕೋಣೆಗೆ ಹೋದರೆ ಗುಡಿಸಲು ಖಾಲಿ ಮಾಡಿ ಎಂದು. ಖಾಲಿ ಇದ್ದ ಜಾಗಗಳನ್ನು ಜೆರೂಷಾ ಒಂದೊಂದಾಗಿ ನೋಡಿದಳು. ಅಲ್ಲಿ ಕೂರಬೇಕಾಗಿದ್ದವರ ಹೆಸರು ಅವಳಿಗೆ ಗೊತ್ತಿತ್ತು.

ಹಲಗೆಯ ಮೇಲೆ ತಾರೀಖು ಬರೆಯುತ್ತಿದ್ದಾಗ ಬಾಗಿಲು ಕಿರುಗುಟ್ಟಿತು. ಐಡೆಲ್ಲಾ ಫೆಂಟ್ರೆಸ್. ಮಗನ ಬೆನ್ನಿನ ಮೇಲೆ ಕೈಯಿಟ್ಟು ಮುಂದೆ ತಳ್ಳಿದಳು. ತಾನು ಹೊಸ್ತಿಲ ಆಚೆಯೇ ನಿಂತಳು.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ," ಎಂದಳು.

"ನಂದೂ ಇಳಿದಿಲ್ಲ," ಎಂದಳು ಜೆರೂಷಾ. "ಬಾಗಿಲು ಹಾಕ್ಕೊಳ್ಳಿ, ಧೂಳು ಬರುತ್ತೆ. ಕೂತ್ಕೋ ಮಗು, ಪುಸ್ತಕ ತೆಗಿ."